ವಿಜ್ಞಾನ, ಗಣಿತ ಬೋಧನೆಗೆ ಸರ್ಕಾರಿ ಅನುದಾನ: ಶಾಲೆ ಕೇಳಬೇಕಾದ ರೀತಿ, ಬಳಸಬೇಕಾದ ರೀತಿ

ಸರ್ಕಾರಿ ಶಾಲೆಗಳ ವಿಜ್ಞಾನದ ಬೀರುಗಳನ್ನು ತೆರೆದು ನೋಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಒಂದು ಪ್ರೌಢಶಾಲೆಯ ಬೀರುವಿನಲ್ಲಿ ಒಂಬತ್ತು ಗಾಜಿನ ಪಟ್ಟಕಗಳು, ಅಂಗಡಿಯಿಂದ ಬಂದಾಗ ಸುತ್ತಿದ್ದ ದಿನಪತ್ರಿಕೆಯ ಹಾಳೆಯನ್ನೂ ಬಿಚ್ಚದೆ, ಸಾಲಾಗಿ ಕುಳಿತಿದ್ದವು; ಅದೇ ಬೀರುವಿನ ಕೆಳಗಿನ ಅರೆಯಲ್ಲಿದ್ದ ಒಂದೇ ಒಂದು ಅಮ್ಮೀಟರಿನ ಮುಳ್ಳು ಸೊನ್ನೆಯಿಂದ ಕದಲುತ್ತಿರಲಿಲ್ಲ. ಆ ವರ್ಷದ ಹತ್ತನೆಯ ತರಗತಿಯ ಮಕ್ಕಳಿಗೆ ವಿದ್ಯುಚ್ಛಕ್ತಿಯ ಪಾಠವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಮುಗಿಸಲಾಗಿತ್ತು. ಶಾಲೆಗೆ ಹಣ ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಸರಬರಾಜುದಾರರು ತೋರಿಸಿದ ಪಟ್ಟಿಯಲ್ಲಿದ್ದುದನ್ನು ತಂದು ಲೆಕ್ಕ ಮುಗಿಸಲಾಗಿತ್ತು. ಅನುದಾನದ ವಿಷಯದಲ್ಲಿ ನಾವು ಮಾಡುವ ಬಹುಪಾಲು ತಪ್ಪುಗಳ ಮೂಲ ಅಲ್ಲಿಯೇ ಇದೆ: ನಾವು ಪಾಠವನ್ನು ನೋಡಿ ಹಣ ಕೇಳುವುದಿಲ್ಲ, ಹಣ ಬಂದ ಮೇಲೆ ಏನು ಕೊಳ್ಳುವುದೆಂದು ಯೋಚಿಸುತ್ತೇವೆ.

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಮುಖ್ಯ ಶಿಕ್ಷಕರು, ವಿಜ್ಞಾನ ಮತ್ತು ಗಣಿತ ಶಿಕ್ಷಕರು ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಯಾವ ಹಣವನ್ನು, ಯಾವಾಗ, ಯಾವ ಕಾಗದಪತ್ರಗಳೊಡನೆ ಕೇಳಬಹುದು ಮತ್ತು ಅದನ್ನು ಹೇಗೆ ಖರ್ಚು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಅನುದಾನದ ಮೊತ್ತಗಳೂ ನಿಯಮಗಳೂ ಆಗಾಗ್ಗೆ ಪರಿಷ್ಕರಣೆಯಾಗುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ಎದುರಿಗಿಟ್ಟುಕೊಂಡೇ ಮುಂದುವರಿಯಬೇಕು.

ಮೊದಲು ಪಾಠ, ಆಮೇಲೆ ಪಟ್ಟಿ

ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಮೊದಲ ಎರಡು ವಾರಗಳಲ್ಲಿಯೇ ಬೀರುವನ್ನು ತೆರೆದು, ಇರುವ ಪ್ರತಿಯೊಂದು ವಸ್ತುವನ್ನೂ ಮೇಜಿನ ಮೇಲಿಟ್ಟು ಪರೀಕ್ಷಿಸಿರಿ. ಕೆಲಸ ಮಾಡುವುದು, ದುರಸ್ತಿಯಾಗಬಲ್ಲದ್ದು, ವಿಲೇವಾರಿ ಮಾಡಬೇಕಾದದ್ದು ಎಂದು ಮೂರು ಪಾಲು ಮಾಡಿದರೆ ಸಾಕು. ಎಷ್ಟೋ ಶಾಲೆಗಳಲ್ಲಿ ಈ ಕೆಲಸ ಮಾಡಿದಾಗಲೇ ಹೊಸದಾಗಿ ಕೇಳಬೇಕೆಂದುಕೊಂಡಿದ್ದ ವಸ್ತು ಹಳೆಯ ಪೆಟ್ಟಿಗೆಯೊಳಗೆ ಸಿಕ್ಕಿದೆ. ನಾಲ್ಕು ಮತ್ತು ಐದನೆಯ ತರಗತಿಗಳಿಗಾಗಿ ಗಣಿತ ಕಲಿಕಾ ಆಂದೋಲನದಡಿ ಬಂದ ಗಣಿತ ಕಿಟ್‌ಗಳು ಪ್ರಾಥಮಿಕ ಶಾಲೆಗಳಲ್ಲಿ ಹೀಗೆ ಮರೆತುಹೋಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅನಂತರ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡು, ಆ ವರ್ಷ ಮಕ್ಕಳು ತಮ್ಮ ಕೈಯಿಂದಲೇ ಮಾಡಬೇಕಾದ ಚಟುವಟಿಕೆಗಳನ್ನು ಗುರುತು ಹಾಕಿಕೊಳ್ಳಬೇಕು. ಹತ್ತನೆಯ ತರಗತಿಯ ಓಮನ ನಿಯಮದ ಚಟುವಟಿಕೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಅರ್ಧ ಮೀಟರ್ ನೈಕ್ರೋಮ್ ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್ ಮತ್ತು ತಲಾ 1.5 ವೋಲ್ಟಿನ ನಾಲ್ಕು ಶುಷ್ಕಕೋಶಗಳು ಬೇಕು. ತರಗತಿಯಲ್ಲಿ 42 ಮಕ್ಕಳಿದ್ದರೆ ಆರಾರು ಮಕ್ಕಳ ಏಳು ಗುಂಪುಗಳಾಗುತ್ತವೆ. ಅಂದರೆ 7 ಅಮ್ಮೀಟರ್, 7 ವೋಲ್ಟ್‌ಮೀಟರ್, ಮೂರೂವರೆ ಮೀಟರ್ ನೈಕ್ರೋಮ್ ತಂತಿ ಮತ್ತು 28 ಶುಷ್ಕಕೋಶಗಳು. ಮಕ್ಕಳು ಒಂದು, ಎರಡು, ಮೂರು, ನಾಲ್ಕು ಕೋಶಗಳನ್ನು ಕ್ರಮವಾಗಿ ಜೋಡಿಸುತ್ತ ಪ್ರತಿ ಬಾರಿಯೂ ಎರಡು ಮುಳ್ಳುಗಳನ್ನು ಓದಿ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಭಾಗಲಬ್ಧ ಹೆಚ್ಚುಕಡಿಮೆ ಒಂದೇ ಬರುತ್ತಿದೆಯೆಂದು ತಾವೇ ಕಂಡುಕೊಳ್ಳುವಾಗ ಆ ತರಗತಿಯಲ್ಲಿ ಉಂಟಾಗುವ ಗದ್ದಲವೇ ಈ ಅನುದಾನದ ಉದ್ದೇಶ. "ಪ್ರಯೋಗಾಲಯ ಸಾಮಗ್ರಿ ಬೇಕಾಗಿದೆ" ಎಂಬ ಒಂದು ಸಾಲಿನ ಮನವಿಗಿಂತ, ಪಾಠದ ಹೆಸರು, ಚಟುವಟಿಕೆ, ಗುಂಪುಗಳ ಸಂಖ್ಯೆ, ಇರುವ ವಸ್ತು, ಕೊರತೆ ಇವಿಷ್ಟನ್ನೂ ತೋರಿಸುವ ಒಂದು ಪುಟದ ಪಟ್ಟಿಗೆ ಕಚೇರಿಯಲ್ಲಿ ಬೇರೆಯದೇ ಬೆಲೆಯಿದೆ, ಏಕೆಂದರೆ ಆ ಪಟ್ಟಿಯನ್ನು ಓದುವ ಅಧಿಕಾರಿಗೆ ಟಿಪ್ಪಣಿ ಬರೆಯುವುದು ಸುಲಭವಾಗುತ್ತದೆ.

ಗಣಿತವನ್ನು ಈ ಪಟ್ಟಿಯಲ್ಲಿ ಬಿಡಬಾರದು. ಸೀಮೆಸುಣ್ಣ ಮತ್ತು ಹಲಗೆ ಇದ್ದರೆ ಗಣಿತ ನಡೆಯುತ್ತದೆ ಎಂಬ ಭಾವನೆಯಿಂದ ಅನುದಾನದ ಪಾಲು ಅದಕ್ಕೆ ಎಂದೂ ಸರಿಯಾಗಿ ಸಿಕ್ಕಿಲ್ಲ. ಕೋನಮಾಪಕ, ಹೀರುಕೊಳವೆ, ದಾರ ಮತ್ತು ಒಂದು ಸಣ್ಣ ಕಲ್ಲಿನಿಂದ ಮಕ್ಕಳೇ ಉನ್ನತಕೋನ ಅಳೆಯುವ ಸಾಧನವನ್ನು ಮಾಡಿಕೊಳ್ಳಬಹುದು; ಶಾಲೆ ಕೊಡಿಸಬೇಕಾದದ್ದು 30 ಮೀಟರಿನ ಒಂದು ಅಳತೆಪಟ್ಟಿ ಮಾತ್ರ. ಧ್ವಜಸ್ತಂಭದ ತುದಿ 45 ಡಿಗ್ರಿ ಕೋನದಲ್ಲಿ ಕಾಣುವ ಜಾಗಕ್ಕೆ ಹಿಂದೆ ಸರಿದು ನಿಂತ ಹುಡುಗಿ, ಕಂಬದಿಂದ ತನಗಿರುವ ದೂರಕ್ಕೆ ತನ್ನ ಕಣ್ಣಿನ ಎತ್ತರವನ್ನು ಕೂಡಿಸಿ ಕಂಬದ ಎತ್ತರ ಹೇಳಿದಳೆಂದರೆ, ತ್ರಿಕೋನಮಿತಿಯ ಆ ಅಧ್ಯಾಯದ ಬಗ್ಗೆ ಆಕೆಗೆ ಭಯ ಉಳಿಯುವುದಿಲ್ಲ. ದಪ್ಪ ರಟ್ಟು, ಕತ್ತರಿ, ಗ್ರಾಫ್ ಹಾಳೆ, ಘನಾಕೃತಿಗಳ ಮಾದರಿ ಇವೆಲ್ಲ ಪಟ್ಟಿಯಲ್ಲಿ ಇರಲಿ. ಎನ್‌ಸಿಇಆರ್‌ಟಿ ಸಿದ್ಧಪಡಿಸಿರುವ ವಿಜ್ಞಾನ ಮತ್ತು ಗಣಿತ ಕಿಟ್‌ಗಳು ಹಿರಿಯ ಪ್ರಾಥಮಿಕ ಹಾಗೂ ಪ್ರೌಢ ಹಂತಗಳಿಗೆ ಬೇರೆ ಬೇರೆಯಾಗಿ ದೊರೆಯುತ್ತವೆ. ಬಿಡಿ ವಸ್ತುಗಳನ್ನು ಹುಡುಕಲು ಆಗದ ಶಾಲೆಗೆ ಅವು ಒಳ್ಳೆಯ ಆಯ್ಕೆ.

ಶಾಲೆಯ ಕೈಗೇ ಬರುವ ಹಣ

ಕೇಂದ್ರ ಸರ್ಕಾರವು 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳನ್ನು ಒಂದುಗೂಡಿಸಿ ಸಮಗ್ರ ಶಿಕ್ಷಣ ಯೋಜನೆಯನ್ನು ತಂದಿತು. ಕರ್ನಾಟಕದಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಇದರಡಿ ಪ್ರತಿ ಸರ್ಕಾರಿ ಶಾಲೆಗೆ ಮಕ್ಕಳ ಸಂಖ್ಯೆಯ ಆಧಾರದ ಮೇಲೆ ವಾರ್ಷಿಕ ಸಂಯುಕ್ತ ಶಾಲಾ ಅನುದಾನ ನಿಗದಿಯಾಗಿದೆ. ಮಾರ್ಗಸೂಚಿಯ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿದ್ದರೆ 25,000, 101ರಿಂದ 250 ಇದ್ದರೆ 50,000, 251ರಿಂದ 1,000 ಇದ್ದರೆ 75,000 ಮತ್ತು ಅದಕ್ಕೂ ಹೆಚ್ಚಿದ್ದರೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಉಳಿದದ್ದರಲ್ಲಿ ವಿದ್ಯುತ್ ಬಿಲ್ಲು, ಕ್ರೀಡಾ ಸಾಮಗ್ರಿ, ಕುಡಿಯುವ ನೀರು, ಇಂಟರ್ನೆಟ್ ಜೊತೆಗೆ ಪ್ರಯೋಗಾಲಯ ಮತ್ತು ಬೋಧನೋಪಕರಣಗಳಿಗೂ ಖರ್ಚು ಮಾಡಲು ಮಾರ್ಗಸೂಚಿಯಲ್ಲಿಯೇ ಅವಕಾಶವಿದೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಶಾಲಾ ಅನುದಾನವೆಂದರೆ ಸುಣ್ಣಬಣ್ಣ ಮತ್ತು ಕರೆಂಟ್ ಬಿಲ್ಲಿಗಷ್ಟೇ ಎಂದು ತಿಳಿದಿರುವ ಶಿಕ್ಷಕರು ಇಂದಿಗೂ ಅನೇಕರಿದ್ದಾರೆ.

ಮಕ್ಕಳ ಸಂಖ್ಯೆಯನ್ನು ಸರ್ಕಾರ ನೋಡುವುದು ಹಾಜರಿ ಪುಸ್ತಕದಲ್ಲಲ್ಲ, ದೇಶದ ಎಲ್ಲ ಶಾಲೆಗಳ ಮಾಹಿತಿ ದಾಖಲಾಗುವ ಯು-ಡೈಸ್ ದತ್ತಾಂಶದಲ್ಲಿ. ಅದರ ಆಧಾರ ದಿನಾಂಕ ಸೆಪ್ಟೆಂಬರ್ 30. ಈಗ ಪ್ರತಿ ಮಗುವಿನ ವಿವರವೂ ಪ್ರತ್ಯೇಕವಾಗಿ ದಾಖಲಾಗುವುದರಿಂದ, ಬೇರೆ ಶಾಲೆಯಿಂದ ವರ್ಗಾವಣೆಯಾಗಿ ಬಂದ ಮಗುವನ್ನು ಡ್ರಾಪ್‌ಬಾಕ್ಸ್‌ನಿಂದ (ಹಳೆಯ ಶಾಲೆ ಬಿಟ್ಟು ಇನ್ನೊಂದು ಶಾಲೆಯ ದಾಖಲೆಗೆ ಇನ್ನೂ ಸೇರದ ಮಕ್ಕಳ ಪಟ್ಟಿಯಿಂದ) ನಿಮ್ಮ ಶಾಲೆಗೆ ಸೇರಿಸಿಕೊಳ್ಳದಿದ್ದರೆ ಆ ಮಗು ನಿಮ್ಮ ತರಗತಿಯಲ್ಲಿ ಕುಳಿತಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯಲ್ಲಿ 103 ಮಕ್ಕಳಿದ್ದು, ಅವರಲ್ಲಿ ನಾಲ್ವರ ಸೇರ್ಪಡೆ ಬಾಕಿ ಉಳಿದರೆ ದತ್ತಾಂಶದಲ್ಲಿ ಕಾಣುವುದು 99. ಅನುದಾನದ ಶ್ರೇಣಿ 50,000ದಿಂದ 25,000ಕ್ಕೆ ಇಳಿಯುತ್ತದೆ. ನಾಲ್ಕು ಮಕ್ಕಳ ನಮೂದು ತಪ್ಪಿದ್ದಕ್ಕೆ ಒಂದು ವರ್ಷದ ಪ್ರಯೋಗ ಸಾಮಗ್ರಿಯ ಹಣವೇ ಹೋದಂತಾಯಿತು.

ಅದೇ ಯು-ಡೈಸ್ ನಮೂನೆಯಲ್ಲಿ ವಿಜ್ಞಾನ ಕಿಟ್, ಗಣಿತ ಕಿಟ್, ಪ್ರಯೋಗಾಲಯ, ವಿದ್ಯುತ್ ಸಂಪರ್ಕ, ಕಂಪ್ಯೂಟರ್ ಇವುಗಳ ಕುರಿತ ಪ್ರಶ್ನೆಗಳೂ ಇವೆ. ಇಲ್ಲಿ ಶಾಲೆಯ ಮರ್ಯಾದೆ ಕಾಪಾಡುವ ಸಲುವಾಗಿ, ಮುರಿದ ಕುರ್ಚಿಗಳನ್ನು ತುಂಬಿಟ್ಟ ಕೋಣೆಯನ್ನು ಪ್ರಯೋಗಾಲಯ "ಇದೆ" ಎಂದು ದಾಖಲಿಸುವ ಅಭ್ಯಾಸ ಬಹಳ ಕಡೆ ಕಂಡುಬರುತ್ತದೆ. ಹಾಗೆ ಬರೆದ ದಿನದಿಂದ ಪ್ರಯೋಗಾಲಯವಿಲ್ಲದ ಶಾಲೆಗಳ ಪಟ್ಟಿಯಿಂದ ನಿಮ್ಮ ಶಾಲೆಯ ಹೆಸರು ಹೊರಗುಳಿಯುತ್ತದೆ, ಮತ್ತು ಪ್ರೌಢಶಾಲೆಗಳಿಗೆ ಸಮಗ್ರ ಶಿಕ್ಷಣದಡಿ ಮಂಜೂರಾಗುವ ಸಂಯೋಜಿತ ವಿಜ್ಞಾನ ಪ್ರಯೋಗಾಲಯಕ್ಕೆ ನಿಮ್ಮನ್ನು ಯಾರೂ ಪರಿಗಣಿಸುವುದಿಲ್ಲ. ಇಲ್ಲದ್ದನ್ನು ಇಲ್ಲ ಎಂದೇ, ಅರೆಬರೆ ಇದ್ದದ್ದನ್ನು ಅರೆಬರೆ ಎಂದೇ ಬರೆಯಿರಿ.

ಯೋಜನೆಯ ಹಾದಿಯಲ್ಲಿ ಕೇಳುವುದು

ವಿಜ್ಞಾನ ಮತ್ತು ಗಣಿತಕ್ಕೆಂದೇ ಇರುವ ರಾಷ್ಟ್ರೀಯ ಆವಿಷ್ಕಾರ ಅಭಿಯಾನವನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು 2015ರ ಜುಲೈ 9ರಂದು ಉದ್ಘಾಟಿಸಿದರು; ಅದು ಈಗ ಸಮಗ್ರ ಶಿಕ್ಷಣದ ಒಂದು ಭಾಗವಾಗಿದೆ. ವಿಜ್ಞಾನ ಮತ್ತು ಗಣಿತ ಕಿಟ್‌ಗಳು, ವಸ್ತುಪ್ರದರ್ಶನ, ರಸಪ್ರಶ್ನೆ, ವಿಜ್ಞಾನ ಕೇಂದ್ರಗಳಿಗೆ ಮಕ್ಕಳ ಭೇಟಿ, ಹತ್ತಿರದ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಈ ಹಣಕ್ಕೆ ಶಾಲೆ ನೇರವಾಗಿ ಅರ್ಜಿ ಹಾಕುವ ವ್ಯವಸ್ಥೆಯಿಲ್ಲ. ಜಿಲ್ಲೆಗಳ ಬೇಡಿಕೆಯನ್ನು ಒಳಗೊಂಡ ರಾಜ್ಯದ ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯವನ್ನು ಕೇಂದ್ರದ ಯೋಜನಾ ಅನುಮೋದನಾ ಮಂಡಳಿ ಆರ್ಥಿಕ ವರ್ಷದ ಆರಂಭದ ಆಸುಪಾಸಿನಲ್ಲಿ ಪರಿಶೀಲಿಸಿ ಒಪ್ಪುತ್ತದೆ. ಆದ್ದರಿಂದ ನಿಮ್ಮ ಬೇಡಿಕೆ ತಾಲ್ಲೂಕು ಹಂತದಲ್ಲಿ ಡಿಸೆಂಬರ್, ಜನವರಿಯೊಳಗೆ ದಾಖಲಾಗಿರಬೇಕು. ಏಪ್ರಿಲ್ ಕಳೆದ ಮೇಲೆ ಕೊಟ್ಟ ಮನವಿ ಎಷ್ಟೇ ನ್ಯಾಯವಾದದ್ದಾದರೂ ಮುಂದಿನ ವರ್ಷಕ್ಕೇ ಹೋಗುತ್ತದೆ.

ಮಾಡಬೇಕಾದದ್ದು ಇಷ್ಟು. ಪಾಠದಿಂದ ಸಿದ್ಧಪಡಿಸಿದ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯ ಮುಂದಿಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಪ್ರಕರಣದ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಶಾಲಾ ಸಮಿತಿಯ ಕರ್ತವ್ಯವೇ ಆಗಿದ್ದು, ಆ ಯೋಜನೆಯೇ ಸರ್ಕಾರದ ಯೋಜನೆಗೂ ಅನುದಾನಕ್ಕೂ ಆಧಾರವಾಗಬೇಕೆಂದು ಕಾಯ್ದೆ ಹೇಳುತ್ತದೆ. ಪೋಷಕ ಸದಸ್ಯರಿಗೆ ಅಮ್ಮೀಟರ್ ಎಂದರೇನೆಂದು ತಿಳಿಯದಿರಬಹುದು. ಸಭೆಯ ದಿನ ಮಕ್ಕಳಿಂದಲೇ ಒಂದು ಪ್ರಯೋಗ ಮಾಡಿಸಿ ತೋರಿಸಿದರೆ ವಿವರಣೆಯ ಅಗತ್ಯ ಬೀಳುವುದಿಲ್ಲ. ನಡಾವಳಿಯಲ್ಲಿ ಪಟ್ಟಿ, ಅಂದಾಜು ಮೊತ್ತ ಮತ್ತು ಆದ್ಯತೆ ಮೂರೂ ಬರೆದು ಸಹಿ ಪಡೆದು, ಅದರ ಪ್ರತಿಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ಇನ್ನೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿಯಿಲ್ಲದ ಮನವಿಯನ್ನು ಆರು ತಿಂಗಳ ನಂತರ ಹುಡುಕಲು ಯಾರಿಂದಲೂ ಆಗುವುದಿಲ್ಲ.

ಮಗುವಿನ ಹೆಸರಿಗೇ ಬರುವ 10,000 ರೂಪಾಯಿ

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೊತೆಗೂಡಿ ನಡೆಸುವ ಇನ್‌ಸ್ಪೈರ್ ಅವಾರ್ಡ್ಸ್–ಮಾನಕ್ ಯೋಜನೆಯಲ್ಲಿ, ಆಯ್ಕೆಯಾದ ಪ್ರತಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಮಾದರಿ ತಯಾರಿಕೆಗಾಗಿ 10,000 ರೂಪಾಯಿ ನೇರವಾಗಿ ಜಮೆಯಾಗುತ್ತದೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಮಾನ್ಯತೆ ಪಡೆದ ಶಾಲೆಗಳೂ ಇದರಲ್ಲಿ ಭಾಗವಹಿಸಬಹುದು. ಶಾಲೆಯು ಮೊದಲು ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡು, ಒಳಗೇ ಒಂದು ಆಲೋಚನಾ ಸ್ಪರ್ಧೆ ನಡೆಸಿ, ಅತ್ಯುತ್ತಮವಾದ ಐದು ಆಲೋಚನೆಗಳನ್ನು ಕಳುಹಿಸಬೇಕು.

ಇಲ್ಲಿ ಸೋಲುವುದು ಬಹುತೇಕ ಒಂದೇ ಕಾರಣಕ್ಕೆ. ಜ್ವಾಲಾಮುಖಿಯ ಮಾದರಿ, ಮಳೆನೀರು ಕೊಯ್ಲಿನ ಥರ್ಮಾಕೋಲ್ ಮನೆ, ಇಂಟರ್ನೆಟ್ಟಿನಲ್ಲಿ ಸಿಗುವ ಸೌರ ಯಂತ್ರ ಇವು ಪ್ರತಿ ವರ್ಷವೂ ರಾಶಿ ರಾಶಿಯಾಗಿ ಹೋಗುತ್ತವೆ ಮತ್ತು ಹೊಸತನವಿಲ್ಲವೆಂದು ಹಿಂದುಳಿಯುತ್ತವೆ. ಮಕ್ಕಳನ್ನು ಕೇಳಬೇಕಾದ ಪ್ರಶ್ನೆ "ಯಾವ ಪ್ರಾಜೆಕ್ಟ್ ಮಾಡುತ್ತೀರಿ" ಎಂಬುದಲ್ಲ; "ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ ಯಾವ ಕೆಲಸ ಕಷ್ಟ ಕೊಡುತ್ತದೆ" ಎಂಬುದು. ಅಡಿಕೆ ಸುಲಿಯುವ ತಾಯಿಯ ಬೆರಳು, ಬೀಡಿ ಕಟ್ಟುವ ಅಜ್ಜಿಯ ಬೆನ್ನು, ನೀರಿನ ಕೊಡ ಹೊತ್ತು ದಿಬ್ಬ ಏರುವ ಅಕ್ಕ, ಇವರನ್ನು ದಿನವೂ ನೋಡುವ ಮಗುವಿಗೆ ಹೊಳೆಯುವುದು ಬೇರೆ ಊರಿನ ಮಗುವಿಗೆ ಹೊಳೆಯುವುದಿಲ್ಲ. ಒಂದು ವಾರ ಮಕ್ಕಳಿಂದ ಇಂಥ ತೊಂದರೆಗಳನ್ನು ಚೀಟಿಗಳಲ್ಲಿ ಬರೆಸಿ ಡಬ್ಬಿಯಲ್ಲಿ ಹಾಕಿಸಿ, ಎರಡನೆಯ ವಾರ ಅವುಗಳಿಗೆ ಪರಿಹಾರ ಯೋಚಿಸಲು ಬಿಡಿರಿ. ಆಲೋಚನೆಯ ಬರಹವನ್ನು ಶಿಕ್ಷಕರು ತಿದ್ದಬಹುದು, ಆದರೆ ತಾವೇ ಬರೆದುಕೊಡಬಾರದು. ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ, ಖಾತೆಯಲ್ಲಿರುವ ಹೆಸರಿಗೂ ಶಾಲಾ ದಾಖಲೆಯ ಹೆಸರಿಗೂ ಅಕ್ಷರ ವ್ಯತ್ಯಾಸವಿದೆಯೇ ಎಂಬುದನ್ನು ನಾಮನಿರ್ದೇಶನಕ್ಕೆ ಮುಂಚೆಯೇ ನೋಡಿಕೊಳ್ಳಿ.

ಅಟಲ್ ಟಿಂಕರಿಂಗ್ ಪ್ರಯೋಗಾಲಯ

ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ ಅಡಿ 6ರಿಂದ 12ನೆಯ ತರಗತಿಯ ಮಕ್ಕಳು ಮೂರು ಆಯಾಮದ ಮುದ್ರಣಯಂತ್ರದಂಥ ಸಾಧನಗಳಿಂದ ತಮ್ಮ ಆಲೋಚನೆಗಳನ್ನು ಮಾಡಿ ನೋಡಲೆಂದು ನಡೆಯುವ ಈ ಯೋಜನೆಯಲ್ಲಿ ಒಂದು ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನವಿದೆ: 10 ಲಕ್ಷ ಸ್ಥಾಪನೆಗೆ, 10 ಲಕ್ಷ ಐದು ವರ್ಷಗಳವರೆಗಿನ ನಿರ್ವಹಣೆಗೆ. ಬಯಲು ಸೀಮೆಯ ರಾಜ್ಯಗಳಲ್ಲಿ 1,500 ಚದರಡಿ ಜಾಗವನ್ನು ನಿಯಮ ಕೇಳುತ್ತದೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಇಂಥ ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಗಿರುವುದರಿಂದ, ಜಾಗ ಮತ್ತು ಆಸಕ್ತ ಶಿಕ್ಷಕರಿರುವ ಪ್ರೌಢಶಾಲೆಗಳು ಈಗಿನಿಂದಲೇ ಸಿದ್ಧವಾಗಬಹುದು. ಆದರೆ ಅಮ್ಮೀಟರ್ ಇಲ್ಲದ ಶಾಲೆಗೆ ಮೂರು ಆಯಾಮದ ಮುದ್ರಣಯಂತ್ರ ಮೊದಲ ಅಗತ್ಯವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಪಠ್ಯದ ಪ್ರಯೋಗಗಳು ನಡೆಯಲಿ.

ಊರಿನ ಬಳಿಯೇ ಇರುವ ಹಣ

ಕಿಟ್ ಬಂದರೂ ಕೋಣೆಗೆ ಕರೆಂಟ್ ಇಲ್ಲ, ಛಾವಣಿ ಸೋರುತ್ತದೆ, ತೊಟ್ಟಿಗೆ ನೀರಿಲ್ಲ ಎಂಬ ಸ್ಥಿತಿ ಇದ್ದಲ್ಲಿ ಗ್ರಾಮ ಪಂಚಾಯಿತಿಯ ಬಾಗಿಲು ತಟ್ಟಬೇಕು. ಕರ್ನಾಟಕದಲ್ಲಿ ನಡೆಯುವ ಮಕ್ಕಳ ಗ್ರಾಮಸಭೆ ಇದಕ್ಕೆ ಬಹಳ ಒಳ್ಳೆಯ ಅವಕಾಶ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುವ ಆ ಸಭೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಎದ್ದುನಿಂತು "ನಮ್ಮ ಪ್ರಯೋಗದ ಕೋಣೆಗೆ ಎರಡು ಪ್ಲಗ್ ಮತ್ತು ಒಂದು ನಲ್ಲಿ ಬೇಕು" ಎಂದು ಕೇಳಿದರೆ ಅದು ನಡಾವಳಿಯಲ್ಲಿ ದಾಖಲಾಗಬೇಕು, ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಸೇರಿತೇ ಎಂದು ಶಾಲೆ ವಿಚಾರಿಸಬೇಕು. ಕೊಠಡಿಯಂಥ ದೊಡ್ಡ ಕೆಲಸಕ್ಕೆ ಶಾಸಕರ ಮತ್ತು ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗಳಿವೆ. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣಕ್ಕೆ ಶಿಕ್ಷಣವು ಆದ್ಯತೆಯ ಕ್ಷೇತ್ರ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಶಾಲೆಗಳು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ಮರೆಯಬಾರದು. ಇವೆಲ್ಲಕ್ಕೂ ಬೇಕಾಗುವ ಕಾಗದಗಳು ಒಂದೇ: ಎಸ್‌ಡಿಎಂಸಿ ನಡಾವಳಿ, ಜಾಗದ ದಾಖಲೆ, ಎಂಜಿನಿಯರರ ಅಂದಾಜು ಪಟ್ಟಿ, ಫೋಟೊ ಮತ್ತು ಯು-ಡೈಸ್ ಸಂಖ್ಯೆ. ಒಂದು ಕಡತ ಮಾಡಿಟ್ಟುಕೊಂಡರೆ ಐದು ಕಡೆ ಕೊಡಬಹುದು.

ಖರೀದಿ ಮತ್ತು ಲೆಕ್ಕ

ಈಗ ಅನುದಾನ ನಗದಾಗಿ ಶಾಲೆಯ ಖಾತೆಯಲ್ಲಿ ಕುಳಿತಿರುವುದಿಲ್ಲ. ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿಯನ್ನು ಮಾತ್ರ ನಿಗದಿಪಡಿಸಲಾಗುತ್ತದೆ, ಪಾವತಿ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆಯ ಮೂಲಕ ನಡೆಯುತ್ತದೆ, ಮತ್ತು ಮಾರ್ಚ್ 31ರೊಳಗೆ ಬಳಸದ ಮಿತಿ ಶಾಲೆಯ ಕೈಬಿಟ್ಟು ಹೋಗುತ್ತದೆ. ಹಣ ಬಿಡುಗಡೆ ತಡವಾಗುವುದು ನಮ್ಮ ಕೈಯಲ್ಲಿಲ್ಲ. ಆದರೆ ಪಟ್ಟಿ, ದರಪಟ್ಟಿಗಳು ಮತ್ತು ನಡಾವಳಿ ಸಿದ್ಧವಿದ್ದ ಶಾಲೆ ಹತ್ತು ದಿನಗಳಲ್ಲಿ ಬೇಕಾದದ್ದನ್ನೇ ಕೊಳ್ಳುತ್ತದೆ, ಸಿದ್ಧವಿಲ್ಲದ ಶಾಲೆ ಸಿಕ್ಕಿದ್ದನ್ನು ಕೊಳ್ಳುತ್ತದೆ.

ಕನಿಷ್ಠ ಮೂರು ದರಪಟ್ಟಿ ಪಡೆದು ತುಲನಾತ್ಮಕ ಪಟ್ಟಿ ಮಾಡಿ, ಸಮಿತಿಯ ಒಪ್ಪಿಗೆ ಪಡೆದು ಸರಬರಾಜು ಆದೇಶ ಕೊಡಬೇಕು. ಆದೇಶದಲ್ಲಿ "ಉತ್ತಮ ಗುಣಮಟ್ಟದ ಮೀಟರ್" ಎಂದು ಬರೆದರೆ ಏನೂ ಬರೆದಂತಾಗುವುದಿಲ್ಲ. ಅಳತೆಯ ವ್ಯಾಪ್ತಿ, ನಿಮ್ನ ದರ್ಪಣವಾದರೆ ಸಂಗಮದೂರ, ಪ್ರನಾಳವಾದರೆ ಕಾಸಿದರೆ ಒಡೆಯದ ಬೋರೋಸಿಲಿಕೇಟ್ ಗಾಜು ಎಂದು ಸ್ಪಷ್ಟವಾಗಿ ನಮೂದಿಸಿರಿ. ಸಾಮಗ್ರಿ ಬಂದ ದಿನ ಪೆಟ್ಟಿಗೆಯನ್ನು ಸರಬರಾಜುದಾರರ ಎದುರಿಗೇ ಬಿಚ್ಚಿ, ಪ್ರತಿ ವೋಲ್ಟ್‌ಮೀಟರಿಗೂ ಒಂದು ಕೋಶ ಜೋಡಿಸಿ, ಅಮ್ಮೀಟರಾದರೆ ಕೋಶದ ಜೊತೆಗೆ ನೈಕ್ರೋಮ್ ತಂತಿಯನ್ನೂ ಸರಣಿಯಲ್ಲಿ ಸೇರಿಸಿ, ಮುಳ್ಳು ಕದಲುವುದನ್ನು ನೋಡಿದ ಮೇಲೆಯೇ ಬಿಲ್ಲಿನ ಮೇಲೆ ಸಹಿ ಮಾಡಿ. ಆಮ್ಲ ಮತ್ತು ಇತರ ರಾಸಾಯನಿಕಗಳನ್ನು ಒಂದು ವರ್ಷಕ್ಕೆ ಬೇಕಾದಷ್ಟು ಮಾತ್ರ ತರಿಸಿ, ಬೀಗವಿರುವ ಕೆಳಗಿನ ಅರೆಯಲ್ಲಿ ಇಡಬೇಕು. ಲಿಟ್ಮಸ್ ಮುಗಿದರೆ ದಾಸವಾಳವೂ ಅರಿಶಿನವೂ ಊರಲ್ಲೇ ಸಿಗುತ್ತವೆ, ಅದಕ್ಕೆ ಅನುದಾನ ಕಾಯಬೇಕಾಗಿಲ್ಲ.

ಒಮ್ಮೆ ಒಂದು ಶಾಲೆಯಲ್ಲಿ ಹಣಬಳಕೆ ಪ್ರಮಾಣಪತ್ರ ಕಳುಹಿಸುವುದು ನಾಲ್ಕು ತಿಂಗಳು ತಡವಾಗಿ, ಮುಂದಿನ ಕಂತು ತಡೆಯಾಯಿತು. ಖರ್ಚೆಲ್ಲ ಸರಿಯಾಗಿಯೇ ಆಗಿತ್ತು, ಓಚರುಗಳನ್ನು ಅಂಟಿಸಿದ ಕಡತ ಮಾತ್ರ ವರ್ಗವಾಗಿ ಹೋದ ಶಿಕ್ಷಕರ ಮನೆಯಲ್ಲಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಪಾವತಿಯಾದ ವಾರದಲ್ಲಿಯೇ ನಗದು ಪುಸ್ತಕ ಬರೆದು, ಓಚರ್ ಅಂಟಿಸಿ, ಪ್ರಮಾಣಪತ್ರ ಕಳುಹಿಸಿಬಿಡಿ. ಒಡೆಯುವ, ಮುಗಿಯುವ ವಸ್ತುಗಳಿಗೆ ಬಳಕೆ ವಸ್ತುಗಳ ವಹಿ, ಉಳಿಯುವ ವಸ್ತುಗಳಿಗೆ ಜಡವಸ್ತು ವಹಿ ಎಂದು ಬೇರೆ ಬೇರೆ ಇಡಿ. ಲೆಕ್ಕ ಪರಿಶೋಧನೆಯ ಭಯದಿಂದ ಮಕ್ಕಳ ಕೈಗೆ ಗಾಜು ಕೊಡದ ಶಿಕ್ಷಕರಿದ್ದಾರೆ, ಅವರ ಭಯವೂ ಸುಳ್ಳಲ್ಲ. ಪ್ರನಾಳ ಒಡೆದ ದಿನವೇ ತರಗತಿ, ದಿನಾಂಕ, ಪ್ರಯೋಗದ ಹೆಸರು ಬರೆದು ಮುಖ್ಯ ಶಿಕ್ಷಕರ ಸಹಿ ಪಡೆದರೆ ಆ ಭಯಕ್ಕೆ ಕಾರಣವಿರುವುದಿಲ್ಲ. ವಹಿಯ ಕೊನೆಯಲ್ಲಿ ಇನ್ನೊಂದು ಅಂಕಣ ಎಳೆದು, ಪ್ರತಿ ವಸ್ತುವನ್ನು ಯಾವ ತರಗತಿ ಯಾವ ದಿನ ಬಳಸಿತು ಎಂದು ಬರೆಯುತ್ತ ಹೋಗಿ. ಮುಂದಿನ ಜೂನ್‌ನಲ್ಲಿ ಹೊಸ ಪಟ್ಟಿ ಮಾಡಲು ಕುಳಿತಾಗ ಮೊದಲು ತೆರೆಯಬೇಕಾದ ಪುಟ ಅದೇ.